ಶ್ರೀತಾಳೆ ಹೂ ಬಿಟ್ಟ ವರ್ಷ

ಒಲೆಗೆ ಇನ್ನೆರಡು ಗೆರಟೆ ಹಾಕಿ, ಹೇಳುತ್ತೇನೆ. ಕಾರ್ಕಳದ ಕಡೆ ನಮ್ಮ ದೊಡ್ಡಪ್ಪನ ತೋಟದ ಅಂಚಿನಲ್ಲಿ ಒಂದು ಶ್ರೀತಾಳೆ ಮರ ಇತ್ತು. ಐದು ಮೀಟರಿನವರೆಗೂ ಅಗಲ ಆಗುವ ಎಲೆ ಅದರದ್ದು. ಬಿದ್ದ ಒಂದು ಎಲೆ ಹೊತ್ತುಕೊಂಡರೆ ಮಕ್ಕಳೆಲ್ಲ ಅದರಡಿ ನೆನೆಯದೆ ಮನೆ ಸೇರುತ್ತಿದ್ದೆವು. ಒಂದು ವರ್ಷ ಆ ಮರದ ನೆತ್ತಿಯಲ್ಲಿ ಈಟಿಯಂಥ ಮೊಗ್ಗು ಎದ್ದಿತು.

ಊರಿಗೆ ಊರೇ ಗಾಬರಿ. ಶ್ರೀತಾಳೆ ಹೂ ಬಿಟ್ಟರೆ ಮನೆಗೆ ಕೇಡು, ಅರಳುವ ಮೊದಲೇ ಕಡಿಸಿಬಿಡಿ ಅಂತ ಒಬ್ಬರಾದ ಮೇಲೆ ಒಬ್ಬರು ಬಂದರು. ಅಜ್ಜಿಯೂ ಅವರ ಪಕ್ಷವೇ. ಮರ ಕಡಿಯುವವನಿಗೆ ಹೇಳಿಯೂ ಆಗಿತ್ತು.

ತಡೆದವರು ಶಾಲೆಯ ಮಾಷ್ಟ್ರು. ಜಗಲಿಯಲ್ಲಿ ಕೂತು, ಬೆಲ್ಲ-ನೀರು ಕುಡಿದು, ನಿಧಾನಕ್ಕೆ ಕೇಳಿದರು: “ಅಮ್ಮ, ಅಕ್ಕಿ ಇಲ್ಲದ ಕಾಲದಲ್ಲಿ ಇದರ ತಿರುಳು ಕುಟ್ಟಿ ಹಿಟ್ಟು ತೆಗೀತಿದ್ದದ್ದು ನೆನಪುಂಟಾ?” ಅಜ್ಜಿಗೆ ನೆನಪಿತ್ತು. ಈ ಮರ 30ರಿಂದ 80 ವರ್ಷ ಕಾಂಡದೊಳಗೆ ಹಿಟ್ಟು ಕೂಡಿಡುತ್ತದೆ. ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು, ಕೂಡಿಟ್ಟದ್ದನ್ನೆಲ್ಲ ಹೂವಿಗೆ ಹಣ್ಣಿಗೆ ಸುರಿದು ಸಾಯುತ್ತದೆ. ಹೂವಾದ ಮೇಲೆ ಕಡಿದರೆ ಹಿಟ್ಟೆಲ್ಲಿ? ಹಾಗಾಗಿ, ಮೊದಲೇ ಕಡಿ ಅಂದದ್ದು ಹಸಿದವರ ಲೆಕ್ಕ, ಅಪಶಕುನ ಆಮೇಲೆ ಅಂಟಿಕೊಂಡದ್ದು ಅಂತ ಅವರ ವಾದ. ನನಗೆ ಈಗಲೂ ಅದು ಸರಿ ಅಂತಲೇ ಅನ್ನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದರೆ ಅವರು ಮಾಷ್ಟ್ರೇ ಅಲ್ಲವಲ್ಲ! 1905ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಓಲೆಗರಿಯಲ್ಲಿ, 1909ರಲ್ಲಿ ಅಚ್ಚಾದದ್ದು ಎಂದೆಲ್ಲ ಶುರು ಮಾಡಿದರು. ಅಜ್ಜಿ ಕೌಟಿಲ್ಯನಿಗೆ ಸೊಪ್ಪು ಹಾಕಲಿಲ್ಲ. ಆದರೆ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಮನೆಯ ಓಲೆ ಕಟ್ಟನ್ನು ಮಾಷ್ಟ್ರು ಇಳಿಸಿ ಬಿಚ್ಚಿದರು. ಮಾಮೂಲಿ ತಾಳೆಗರಿ ದಪ್ಪ, ಗಡಸು. ಶ್ರೀತಾಳೆಯದ್ದು ತೆಳು, ಮೆದು. ಬೇಯಿಸಿ ಒಣಗಿಸಿದರೆ ಬಾಗಿಸಿದರೂ ಮುರಿಯದು. ಅಜ್ಜಿ ಬೆರಳಲ್ಲಿ ಬಾಗಿಸಿ ನೋಡಿದಳು. “ಕಡಿಯುವವನಿಗೆ ಬೇಡ ಹೇಳು,” ಅಂದಳು ದೊಡ್ಡಪ್ಪನಿಗೆ.

ಮಕ್ಕಳೇ, ಆ ಹೂ ಅರಳಿದ್ದನ್ನು ನೀವು ನೋಡಬೇಕಿತ್ತು. ಸಸ್ಯಲೋಕದಲ್ಲೇ ಅದಕ್ಕಿಂತ ದೊಡ್ಡ ಹೂಗೊಂಚಲಿಲ್ಲ, ಆರೆಂಟು ಮೀಟರ್ ಎತ್ತರ, ಕೆನೆ ಬಣ್ಣ, ಲಕ್ಷಗಟ್ಟಲೆ ಹೂ. ಮರದ ತಲೆಗೆ ತೇರು ಕಟ್ಟಿದಂತೆ. ಕೇಡು ಅಂದಿದ್ದವರೇ ನೆಂಟರನ್ನು ಕರಕೊಂಡು ಬಂದು ತೋರಿಸಿದರು. ದೊಡ್ಡಮ್ಮನಿಗೆ ಮಾತ್ರ ಬಂದವರಿಗೆಲ್ಲ ಚಹಾ ಮಾಡಿ ಸಾಕಾಯಿತು. ಕೇಡು ಅಂದರೆ ಇದೇ ಇರಬೇಕು ಎಂದು ಗೊಣಗುತ್ತಿದ್ದಳು.

ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಅಷ್ಟರಲ್ಲಿ ಎಲೆಗಳು ಒಂದೊಂದಾಗಿ ಜೋತುಬಿದ್ದವು, ಮರ ಸತ್ತಿತು. ಬಿದ್ದ ಬೀಜಗಳನ್ನು ದೊಡ್ಡಪ್ಪ ಗೋಣಿಯಲ್ಲಿ ತುಂಬಿ, ಅಕ್ಕನ ಮದುವೆಯಲ್ಲಿ ತಾಂಬೂಲದ ಜೊತೆ ಎಲ್ಲರಿಗೂ ಒಂದೊಂದು ಹಂಚಿದರು, ನೆಡಿ ಅಂತ. ದಿಬ್ಬಣದವರೊಬ್ಬರು ಅಡಿಕೆ ಅಂತ ತಿಳಿದು ಅಡಕತ್ತರಿಗೆ ಕೊಟ್ಟರು. ದಂತದಷ್ಟು ಗಟ್ಟಿ ಬೀಜ ಅದು. ಬಾಗಿದ್ದು ಅಡಕತ್ತರಿ.