ಕಾಡುಗೋಡಿ ದಾಟಿದರೆ ಸೈಬೀರಿಯಾ

ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡಿನ ಕಾಡುಗೋಡಿಯಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ಆಟೋ. ಟೆಕ್ ಪಾರ್ಕು, ಗೋದಾಮು, ಕಂಟೇನರ್ ಲಾರಿಗಳೆಲ್ಲ ಹಿಂದೆ ಸರಿದು ಹೊಸಕೋಟೆ ಬಂತು ಅನ್ನುವಾಗ ಎದುರಿಗೆ ನೀರೇ ನೀರು! ನಂದಿಬೆಟ್ಟದ ಕಡೆಯಿಂದ ಇಳಿದು, ತಮಿಳುನಾಡಿನಲ್ಲಿ ಪೊನ್ನೈಯಾರ್ ಎನಿಸಿಕೊಂಡು, ಕಡಲೂರಿನ ಬಳಿ ಸಮುದ್ರ ಸೇರುವ ದಕ್ಷಿಣ ಪಿನಾಕಿನಿಯ ಕೆರೆ ಇದು.

ಡಿಸೆಂಬರಿನ ಮಂಜು ಪೂರ್ತಿ ಕರಗಿರಲಿಲ್ಲ. ಏರಿಯ ಮೇಲೆ ನಿಂತು ಬೈನಾಕ್ಯುಲರ್ ಹಿಡಿದೆ. ಹಣೆಗೆ ಬಿಳಿ ನಾಮವಿಟ್ಟ ನಾಮಕೋಳಿಗಳ ಆಚೆ ಚಲುಕದ ಬಾತುಗಳು. ಏನು ಕೊಕ್ಕು ಸ್ವಾಮಿ ಅದು! ತುದಿಗೆ ಹೋದಂತೆ ಅಗಲ. ಅಂಚಿನುದ್ದಕ್ಕೂ ಬಾಚಣಿಗೆ ಹಲ್ಲಿನಂಥ ಸಣ್ಣ ಎಳೆಗಳು. ಕೆರೆಯ ನೀರನ್ನು ಒಳಗೆಳೆದು ಸೋಸಿ, ಬೀಜ ಹುಳುಗಳನ್ನಷ್ಟೇ ನುಂಗುತ್ತದೆ. ನೋಡನೋಡುತ್ತ ಗುಂಪೆಲ್ಲ ಒಂದರ ಹಿಂದೊಂದು ಸುತ್ತತೊಡಗಿತು. ಮುಂದಿನದು ಕಾಲಿನಿಂದ ಕಲಕಿ ಮೇಲೆಬ್ಬಿಸಿದ್ದು ಹಿಂದಿನದರ ಬಾಯಿಗೆ. ನಮ್ಮ ಆಫೀಸಿನ ಯಾವ ಟೀಮೂ ಇಷ್ಟು ಹೊಂದಿಕೊಂಡು ದುಡಿದದ್ದು ನನಗೆ ನೆನಪಿಲ್ಲ.

ಇವು ಮರಿ ಮಾಡುವುದು ಸೈಬೀರಿಯಾ, ಮಧ್ಯ ಏಷ್ಯಾದಂಥ ದೂರದ ಸೀಮೆಗಳಲ್ಲಿ. ಇದೇ ಜಾತಿಯ ಬಾತುಗಳು ಚಳಿಗಾಲಕ್ಕೆ ಕೀನ್ಯಾದ ನೈವಾಶಾ ಸರೋವರಕ್ಕೂ ಇಳಿಯುತ್ತವೆ. ಹಕ್ಕಿ ನೋಡಲೆಂದೇ ಲಕ್ಷಗಟ್ಟಲೆ ಸುರಿದು ನೈವಾಶಾಗೆ ಹೋಗಿಬರುವ ಸಹೋದ್ಯೋಗಿಗಳು ನನಗಿದ್ದಾರೆ. ಹೋಗಲಿ, ಅಲ್ಲಿನ ಮೀನು ಹದ್ದು ಇಲ್ಲಿಲ್ಲ ನಿಜ. ಚಲುಕದ ಬಾತಿಗಾದರೆ ಆಟೋ ಸಾಕು.

ಅಷ್ಟರಲ್ಲಿ ಜೊಂಡಿನ ಮೇಲೆ ಜೌಗು ಸೆಳೆವ ಎಂಬ ಬೇಟೆಹಕ್ಕಿಯೊಂದು ತಗ್ಗಿ ಹಾರಿಬಂತು. ನಾಮಕೋಳಿಗಳು ಗಾಬರಿಬಿದ್ದು ಒತ್ತೊತ್ತಾದವು, ಬಾತುಗಳು ಒಟ್ಟಿಗೇ ಎದ್ದವು. ತಲೆಯ ಮೇಲೆ ರೆಕ್ಕೆಗಳ ಮೊರೆತ. ಹೆದ್ದಾರಿಯ ಹಾರ್ನು ಕ್ಷಣಕಾಲ ಕೇಳಿಸಲೇ ಇಲ್ಲ. ಈ ಗಲಾಟೆಗೆ ಸೊಪ್ಪು ಹಾಕದೆ ಕೂತಿದ್ದು ಹೆಜ್ಜಾರ್ಲೆ ಮಾತ್ರ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವೆಯೇ ಗೂಡು ಕಟ್ಟುವ ಜಾತಿಯದಕ್ಕೆ ಇದೆಲ್ಲ ಯಾವ ಲೆಕ್ಕ!

ಊರೊಳಗೆ ಬಂದರೆ ದಮ್ ಬಿರಿಯಾನಿಗೆ ನಸುಕಿನಿಂದಲೇ ಸಾಲು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರೇ ಹೆಚ್ಚು. ಕೆರೆಯತ್ತ ತಲೆ ಹಾಕಿದವರು ಅವರಲ್ಲಿ ಯಾರೂ ಇದ್ದಂತಿರಲಿಲ್ಲ. ನಾನೂ ಸಾಲಿನ ಕೊನೆಗೆ ನಿಂತು, ಮೊಬೈಲಿನಲ್ಲಿ ಗದಗಿನ ರೈಲು ಹುಡುಕಿದೆ. ಆ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಕೆರೆ. ಜನವರಿಯಲ್ಲಿ ಸೀಟಿದೆಯಂತೆ.