ಮಾಮಾನ ಕಂಬಗಳು

ಕರೆಂಟು ಹೋದಾಗ ಬೈಯುವುದು ಸಂವಿಧಾನ ಬರೆದುಕೊಡದೆಯೂ ನಮಗೆಲ್ಲ ದಕ್ಕಿರುವ ಹಕ್ಕು. ಹುಕ್ಕೇರಿ ತಾಲ್ಲೂಕಿನ ನನ್ನ ಸೋದರಮಾವ ಮಾತ್ರ ಅದನ್ನು ಜೀವಮಾನದಲ್ಲಿ ಚಲಾಯಿಸಲಿಲ್ಲ. ಅಡ್ಡಮಳೆಯ ಗಾಳಿಗೆ ಎಲ್ಲೋ ಹುಣಸೆಯ ಟೊಂಗೆ ಮುರಿದು ತಂತಿಯ ಮೇಲೆ ಬಿದ್ದು, ಊಟಕ್ಕೆ ಕೂತ ಬೀಗರ ಮುಂದೆ ಗಪ್ಪನೆ ಕತ್ತಲಾದರೆ ಮಾಮಾ ಎದ್ದು ನಿಂತು, “ತಪ್ಪ ತಿಳಕೋಬ್ಯಾಡ್ರಿ, ಈಗ ಬರತೈತಿ” ಎಂದು ಕೈಮುಗಿಯುತ್ತಿದ್ದ. ಸಾರಿಗೆ ಉಪ್ಪು ಹಾಕಲು ಮರೆತ ಗೃಹಿಣಿಯ ಸಂಕೋಚ ಅವನ ದನಿಯಲ್ಲಿರುತ್ತಿತ್ತು. ಆ ಕತ್ತಲಲ್ಲಿ ಮುಗಿದ ಕೈ ಯಾರಿಗೆ ಕಾಣಬೇಕು? ಅತ್ತೆ ಕಂದೀಲು ತಂದಾಗ ನೋಡಿದರೆ ಅವು ಇನ್ನೂ ಜೋಡಿಸಿಯೇ ಇರುತ್ತಿದ್ದವು.

ಕಾರಣವಿಷ್ಟೇ: ಮಾಮಾ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಷೇರುದಾರ. ಉಳಿದ ಕರ್ನಾಟಕಕ್ಕೆ ಬಹುಮಟ್ಟಿಗೆ ಸರ್ಕಾರದ ಕಂಪನಿಗಳೇ ಬೆಳಕು ಕೊಡುತ್ತವೆ. ಹುಕ್ಕೇರಿ ತಾಲ್ಲೂಕಿನಲ್ಲಿ ಮಾತ್ರ 1969ರಲ್ಲಿ ಹುಟ್ಟಿದ ಈ ಸಂಘ ಸಗಟಿನಲ್ಲಿ ವಿದ್ಯುತ್ ಕೊಂಡು, ತನ್ನದೇ ಕಂಬ, ತನ್ನದೇ ತಂತಿ, ತನ್ನದೇ ಟ್ರಾನ್ಸ್‌ಫಾರ್ಮರ್‌ಗಳಿಂದ ಮನೆಗೂ ಪಂಪ್‌ಸೆಟ್ಟಿಗೂ ಹಂಚುತ್ತದೆ. ದರ ಗೊತ್ತು ಮಾಡುವುದು ಬೆಂಗಳೂರಿನ ವಿದ್ಯುತ್ ನಿಯಂತ್ರಣ ಆಯೋಗ. ಆದರೆ ಮಾಲೀಕರು ಸದಸ್ಯರೇ. ನೂರು ಎಕರೆ ಕಬ್ಬಿನವನಿಗೂ ಒಂದು ಮತ, ಹಿತ್ತಲಲ್ಲಿ ಎಮ್ಮೆ ಕಟ್ಟಿದವನಿಗೂ ಒಂದು ಮತ. ಮಾಮಾ ಎರಡನೆಯ ಪಂಗಡದವನು. ಅದಕ್ಕೇ ಇರಬೇಕು, ಆ ಒಂದು ಷೇರು ಅವನಿಗೆ ಹೊಲಕ್ಕಿಂತ ದೊಡ್ಡ ಆಸ್ತಿಯಾಗಿತ್ತು.

ಸಂತೆಗೆ ಹೊರಟರೆ ದಾರಿಯ ಕಂಬಗಳನ್ನು ವಿಚಾರಿಸಿಕೊಂಡೇ ಹೋಗುತ್ತಿದ್ದ. ಯಾರದೋ ಹೋರಿ ಕಂಬಕ್ಕೆ ಮೈ ತಿಕ್ಕುತ್ತಿದ್ದರೆ ಹೋರಿಯನ್ನೂ ಅದರ ಯಜಮಾನನನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದ. ಗಾಳಿಪಟದ ಹುಡುಗರು ಅವನನ್ನು ಕಂಡರೆ ದಾರ ಬಿಟ್ಟು ಓಡುತ್ತಿದ್ದರು. ಲೈನ್‌ಮನ್ ಕಂಬ ಹತ್ತಿದರೆ ಕೆಳಗೆ ನಿಂತು, “ಹಗೂರಕ ತಮ್ಮಾ, ಹಗೂರಕ” ಅನ್ನುತ್ತಿದ್ದ. ಆ ಕಾಳಜಿ ಹುಡುಗನ ಮೇಲಿನದೋ ಕಂಬದ ಮೇಲಿನದೋ ನಮಗೆ ತಿಳಿಯುತ್ತಿರಲಿಲ್ಲ. ಅವನು ಇಳಿದ ಮೇಲೆ ಮನೆಗೆ ಕರೆದು ಚಹಾ ಕುಡಿಸುತ್ತಿದ್ದುದರಿಂದ ಹುಡುಗನ ಮೇಲೆಯೂ ಸ್ವಲ್ಪ ಇತ್ತು ಎನ್ನಬೇಕು.

ಅತ್ತೆಗೆ ಈ ಮಾಲೀಕತ್ವ ರೇಜಿಗೆ. ಒಮ್ಮೆ ಒದ್ದೆ ಬಟ್ಟೆಯ ಬುಟ್ಟಿ ಸೊಂಟದಲ್ಲಿಟ್ಟುಕೊಂಡೇ ಕೇಳಿದಳು: “ಇಷ್ಟು ಕಂಬದಾಗ ನಿಮ್ಮದು ಯಾವ್ದರಿ? ಹೇಳ್ರಿ, ಅರಿವಿ ಒಣಹಾಕ್ತೇನಿ.”

ಅವಳು ನಗೆಗೆ ಕೇಳಿದ್ದು ಮಾಮಾನ ಎದೆಗೆ ನಾಟಿಬಿಟ್ಟಿತು. ತಾಲ್ಲೂಕಿನ ಒಟ್ಟು ತಂತಿಯನ್ನು ಒಟ್ಟು ಸದಸ್ಯರಿಂದ ಭಾಗಿಸಿದರೆ ತನ್ನ ಪಾಲಿಗೆ ಎಷ್ಟು ಮೊಳ ಬರುತ್ತದೆ ಎಂಬ ಲೆಕ್ಕಕ್ಕೆ ಬಿದ್ದ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಎದ್ದು ಇದನ್ನು ಕೇಳಿಯೇ ಬಿಡುವುದೆಂದು, ದನದ ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಅಧ್ಯಕ್ಷರ ಸ್ಥಾನದಲ್ಲಿರಿಸಿ ತಾಲೀಮು ನಡೆಸಿದ. ಮಹಾಸಭೆಯ ದಿನ ಇಸ್ತ್ರಿಯ ಧೋತರ, ತಲೆಗೆ ಪಟಗ. ಸಂಜೆ ಬಗಲಲ್ಲಿ ವರದಿ ಪುಸ್ತಕ ಇರುಕಿಕೊಂಡು ಮರಳಿದವನನ್ನು ಕೇಳಿದರೆ, “ಮನೀ ಲೆಕ್ಕಾನ ನಾಕ ಮಂದ್ಯಾಗ ಕೇಳಬಾರದೋ” ಅಂದ. ಪ್ರತಿ ವರ್ಷ ಇದೇ ತಾಲೀಮು, ಇದೇ ಉತ್ತರ. ಸಹಕಾರದ ಶಾಸ್ತ್ರ ಬಲ್ಲವರು ಇದನ್ನು ಮೆಚ್ಚಲಾರರು. ಲೆಕ್ಕ ಕೇಳದ ಮಾಲೀಕ ಎಂಥ ಮಾಲೀಕ? ಮೆಚ್ಚಲಾರರು, ನಿಜ. ಆದರೆ ಲೆಕ್ಕ ಕೇಳುವ ಮೊದಲು ಒಂದು ವಸ್ತು ತನ್ನದೆಂದು ಅನಿಸಬೇಕಲ್ಲ, ಆ ಮೊದಲ ಪಾಠದಲ್ಲಿ ಮಾಮಾ ಎಲ್ಲರಿಗಿಂತ ಮುಂದಿದ್ದ.

ಸೊಸಾಯಿಟಿಯ ಕಥೆಯನ್ನು ಅವನು ಅಮೆರಿಕದಿಂದಲೇ ಶುರುಮಾಡುತ್ತಿದ್ದ. ಊರಿಗೆ ಬಂದಿದ್ದನೆನ್ನಲಾದ ಒಬ್ಬ ಬಿಳಿಯ ಸಲಹೆಗಾರ ಮಾಮಾನ ಕಥೆಯಲ್ಲಿ ವರ್ಷವರ್ಷಕ್ಕೂ ಎತ್ತರವಾಗುತ್ತ, ಕೊನೆಕೊನೆಗೆ ಏಣಿಯಿಲ್ಲದೆ ಬಲ್ಬು ಬದಲಿಸುವಷ್ಟಾಗಿದ್ದ. ಎತ್ತರ ಸುಳ್ಳಿರಬಹುದು, ಸಂಬಂಧ ಸುಳ್ಳಲ್ಲ. ದೂರದ ತೋಟದ ಮನೆಗಳಿಗೆ ತಂತಿ ಎಳೆದರೆ ಗಿಟ್ಟುವುದಿಲ್ಲವೆಂದು ಅಲ್ಲಿನ ಕಂಪನಿಗಳು ಕೈಚೆಲ್ಲಿದ್ದವು. 1935ರಲ್ಲಿ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣದ ಆಡಳಿತವೊಂದನ್ನು ಸ್ಥಾಪಿಸಿದ ಮೇಲೆ ಸರ್ಕಾರದ ಸಾಲ ಪಡೆದು ರೈತರೇ ಸಂಘ ಕಟ್ಟಿ ತಂತಿ ಎಳೆದುಕೊಂಡರು. ಆ ಸಂಘಗಳ ಒಕ್ಕೂಟದ ತಜ್ಞರ ನೆರವಿನಿಂದ ಭಾರತದಲ್ಲೂ ಪ್ರಯೋಗಕ್ಕೆಂದು ಐದು ಕಡೆ ಬೀಜ ಬಿತ್ತಿದರು: ಸಿರಿಸಿಲ್ಲ, ಕೊಡಿನಾರ್, ಮುಳಾ-ಪ್ರವರಾ, ಲಖನೌ, ಮತ್ತೆ ನಮ್ಮ ಹುಕ್ಕೇರಿ. ಎಲ್ಲವೂ ಬಾಳಲಿಲ್ಲ. ಮುಳಾ-ಪ್ರವರಾದ ಪರವಾನಗಿ 2011ರಲ್ಲಿ ಮುಗಿದೇಹೋಯಿತು.

ನನಗೆ ಸೋಜಿಗವೆನಿಸುವುದು ಇನ್ನೊಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಅದೇ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ತೆರೆದರು. ಒಂದು ಮೈಸೂರು ಸೀಮೆ, ಇನ್ನೊಂದು ಮುಂಬಯಿ ಪ್ರಾಂತ. ಒಂದೇ ವರ್ಷದ ಈ ಎರಡು ಕೂಸುಗಳು ಹುಕ್ಕೇರಿಯಲ್ಲಿ ಭೇಟಿಯಾಗಲು ಅರವತ್ತನಾಲ್ಕು ವರ್ಷ ಹಿಡಿಯಿತು. ಪಕ್ಕದ ಗೋಕಾಕದಲ್ಲಿ 1887ರಿಂದಲೇ ಜಲಪಾತದ ಬಲದಿಂದ ನೂಲಿನ ಗಿರಣಿ ತಿರುಗುತ್ತಿದ್ದರೂ ನನ್ನ ಅಜ್ಜ ಚಿಮಣಿ ದೀಪದಲ್ಲೇ ಮಗ್ಗಿ ಕಲಿತು, ಚಿಮಣಿ ದೀಪದಲ್ಲೇ ಕಣ್ಣುಮುಚ್ಚಿದ.

ನಾನೀಗ ಇರುವ ನಗರದಲ್ಲಿ ಕರೆಂಟು ಹೋದರೆ ಮೊಬೈಲಿನಲ್ಲಿ ದೂರು ಒತ್ತುತ್ತೇನೆ. ಬಹಳ ಮಧುರವಾದ ಧ್ವನಿಯೊಂದು ನನ್ನ ಕರೆ ಅಮೂಲ್ಯವೆಂದು ತಿಳಿಸುತ್ತದೆ. ಅತಿಥಿಗಳಿದ್ದರೆ ಎಲ್ಲರೂ ಸೇರಿ ಮನಸಾರೆ ಬೈಯುತ್ತೇವೆ. ಬೈದು ಹಗುರಾಗುತ್ತೇವೆ. ಕೈಮುಗಿಯುವವರು ಯಾರೂ ಇಲ್ಲ.

ಮಾಮಾ ಹೋದ ಮೇಲೆ ಮಕ್ಕಳಿಬ್ಬರೂ ಬೇರೆಯಾದರು. ಹೊಲಕ್ಕೆ ಬದು ಬಿತ್ತು. ಬಾವಿಯ ನೀರಿಗೆ ಪಾಳಿ ಬಿತ್ತು. ಹಿತ್ತಲ ತೆಂಗಿನ ಕಾಯಿಗಳೂ ಎಣಿಕೆಯಾಗಿ ಎರಡಾದವು. ಆ ಒಂದು ಷೇರನ್ನು ಮಾತ್ರ ಸೀಳುವಂತಿರಲಿಲ್ಲ. ಇಬ್ಬರಿಗೂ ಅದು ಬೇಕಿತ್ತೆಂದಲ್ಲ, ಇನ್ನೊಬ್ಬನಿಗೆ ಹೋಗಬಾರದಿತ್ತು. ಹಿರಿಯರು ಕೂತು ಅತ್ತೆಯ ಹೆಸರಿಗೆ ಮಾಡಿಸಿ ಎದ್ದರು. ತಂತಿಯಲ್ಲಿ ಎಷ್ಟು ಮೊಳವೋ ಏನೋ, ಅಷ್ಟೂ ಈಗ ಅವಳದು.

ಸಂಘದ ಚುನಾವಣೆ ಬಂದಾಗ ನಾನು ಊರಲ್ಲಿದ್ದೆ. ಎರಡೂ ಕಡೆಯ ಹುರಿಯಾಳುಗಳು ಒಬ್ಬರ ಹಿಂದೊಬ್ಬರು ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿದರು. ಅಡುಗೆಮನೆಯ ಹೊರಗೆ ಯಾವ ವಿಷಯಕ್ಕೂ ಅವಳ ಅಭಿಪ್ರಾಯ ಕೇಳಿದವರಿಲ್ಲ, ಮಾಮಾನೂ ಸೇರಿದಂತೆ. ಅವಳು ಇಬ್ಬರಿಗೂ ಒಂದೇ ಅಳತೆಯ ಚಹಾ ಕೊಟ್ಟು, ಇಬ್ಬರ ಮಾತನ್ನೂ ಪೂರ್ತಿ ಕೇಳಿ, “ವಿಚಾರ ಮಾಡ್ತೇನ್ರಿ” ಎಂದು ಕಳಿಸಿದಳು. ಮತದಾನದ ದಿನ ಮಾಮಾ ಮಹಾಸಭೆಗೆ ಒಯ್ಯುತ್ತಿದ್ದ ಕೊಡೆ ಹಿಡಿದು, ಒಬ್ಬ ಮಗನ ಬೈಕನ್ನೂ ಹತ್ತದೆ, ನಡೆದೇ ಹೋಗಿ ಬಂದಳು.

ಮರಳಿದ ಮೇಲೆ ಕುತೂಹಲ ತಡೆಯದೆ ಮೆಲ್ಲಗೆ ಕೇಳಿದೆ, “ಅತ್ತೀ, ಯಾರಿಗೆ ಹಾಕಿದಿ?”

ಕೊಡೆಯನ್ನು ಗೂಟಕ್ಕೆ ಸಿಕ್ಕಿಸುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು: “ನೀ ಏನ ಮೆಂಬರ ಇದ್ದೀ?”