ಮನದ ಮಂಕು, ಕಾಯದ ಕೊರತೆ



ಬಸವಣ್ಣನವರು ಮನಸ್ಸನ್ನು ಕೋತಿಗೆ ಹೋಲಿಸಿದ್ದನ್ನು ಅರಿಯದವರು ನಮ್ಮಲ್ಲಿ ವಿರಳ. ಒಂದೆಡೆ ನಿಲ್ಲದ ಮನಸ್ಸನ್ನು ನಿಲ್ಲಿಸುವುದೇ ಸಾಧನೆಯ ಮೊದಲ ಮೆಟ್ಟಿಲೆಂದು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಮನಸ್ಸಿಗೆ ಇನ್ನೊಂದು ಸ್ಥಿತಿಯೂ ಉಂಟು. ಆಗ ಅದು ಜಿಗಿಯುವುದಿಲ್ಲ, ಕುಳಿತಲ್ಲಿಯೇ ಮಂಕಾಗುತ್ತದೆ. ಅಕ್ಷರ ಕಣ್ಣಿಗೆ ಕಾಣುತ್ತದೆ, ಅರ್ಥ ಹೊಳೆಯುವುದಿಲ್ಲ. ಚಂಚಲ ಮನಸ್ಸಿಗೆ ಹೇಳುವ ಬುದ್ಧಿಮಾತು ಈ ಮಂಕಾದ ಮನಸ್ಸಿಗೆ ತಾಗುವುದೂ ಇಲ್ಲ. ಇದನ್ನು ನಾನು ಇಪ್ಪತ್ತಮೂರರ ಪ್ರಾಯದಲ್ಲಿ ಅನುಭವಿಸಿ ತಿಳಿದೆ.

೨೦೦೭ರಲ್ಲಿ ಧಾರವಾಡದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮೊದಲ ವರ್ಷ ಸುಗಮವಾಗಿ ಕಳೆಯಿತು. ಎರಡನೆಯ ವರ್ಷದ ಆರಂಭದಲ್ಲಿ ಏನೋ ಬದಲಾಯಿತು. ಒಂದು ಪ್ರಮೇಯದ ಸಾಧನೆಯನ್ನು ಓದುತ್ತ ಐದನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯ ಸಾಲು ಅಳಿಸಿಹೋಗಿರುತ್ತಿತ್ತು. ಗುರುಗಳ ಮಾತು ಕಿವಿಗೆ ಬೀಳುತ್ತಿತ್ತು, ಬುದ್ಧಿಗೆ ಇಳಿಯುತ್ತಿರಲಿಲ್ಲ. ಗೆಳೆಯನ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ದಣಿವು ಹೋಗುತ್ತಿರಲಿಲ್ಲ. ಪಾದಗಳಲ್ಲಿ ಇರುವೆ ಹರಿದಂತೆ ಜುಮುಜುಮು ಎನ್ನುತ್ತಿತ್ತು. ಅದಕ್ಕೂ ಓದಿಗೂ ಸಂಬಂಧವಿರಬಹುದೆಂದು ಯಾರಿಗೂ ತೋಚಲಿಲ್ಲ. ಪರೀಕ್ಷೆಯಲ್ಲಿ ಎರಡು ವಿಷಯಗಳು ಉಳಿದವು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವಿವರಣೆ. ಅಪ್ಪನವರ ಪ್ರಕಾರ ಇದು ಮೈಗಳ್ಳತನ. ಆಯಿಯ ಪ್ರಕಾರ ದೃಷ್ಟಿ. ಅವ್ವ ನಿತ್ಯವೂ ಒಂದೆಲಗದ ರಸ ಕುಡಿಸಿದಳು. ಆದರೆ ಈ ಮಾತುಗಳ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ಭಯವಿತ್ತು. ನಮ್ಮ ದೊಡ್ಡಪ್ಪ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮನೋರೋಗಕ್ಕೆ ತುತ್ತಾಗಿ, ಕೊನೆಯವರೆಗೂ ಮನೆಯ ಹಿಂಭಾಗದ ಕೋಣೆಯಲ್ಲೇ ದಿನ ಕಳೆದವರು. ಇದೂ ಅದೇ ಆದರೆ? ತಂಗಿಗೆ ವರ ನೋಡುತ್ತಿದ್ದ ಕಾಲವದು. ವೈದ್ಯರ ಬಳಿಗೆ ಹೋಗಲು ಹಿಂಜರಿದದ್ದು ಹಣಕ್ಕಾಗಿ ಅಲ್ಲ, ಉತ್ತರಕ್ಕೆ ಅಂಜಿ.

ಕೊನೆಗೊಮ್ಮೆ ಹೋದಾಗ ಒಬ್ಬರು ಟಾನಿಕ್ ಬರೆದುಕೊಟ್ಟರು. ಇನ್ನೊಬ್ಬರು 'ಟೆನ್ಶನ್' ಎಂದು ಗುಳಿಗೆ ಕೊಟ್ಟರು. ಅದನ್ನು ನುಂಗಿದ ಮೇಲೆ ಮಂಕು ಇಮ್ಮಡಿಸಿತು. ಮೂರನೆಯವರು ವಯೋವೃದ್ಧರು. ಅವರು ಔಷಧ ಬರೆಯುವ ಮುನ್ನ ಪ್ರಶ್ನೆ ಕೇಳಿದರು: "ತಮ್ಮಾ, ಸಾಲ್ಯಾಗ ಇದ್ದಾಗೂ ಹಿಂಗ ಆಗ್ತಿತ್ತೇನು, ಇಲ್ಲಾ ಇದು ಹೊಸದಾ?"

ಬಂಧುಗಳೇ, ಈ ಒಂದು ಪ್ರಶ್ನೆಯ ಬೆಲೆ ನನಗೆ ಅರ್ಥವಾದದ್ದು ಬಹಳ ತಡವಾಗಿ. ಕೆಲವರಿಗೆ ಗಮನ ನಿಲ್ಲದಿರುವುದು ಬಾಲ್ಯದಿಂದಲೇ ಬಂದದ್ದು. ಎಡಿಎಚ್‌ಡಿ ಎಂದು ವೈದ್ಯರು ಹೆಸರಿಸುವ ಸ್ಥಿತಿಯಲ್ಲಿ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಂಡಿರಬೇಕೆಂದು ಮನೋವೈದ್ಯರು ಬಳಸುವ ೨೦೧೩ರ ಕೈಪಿಡಿ ಹೇಳುತ್ತದೆ. ಅದು ಸೋಮಾರಿತನವಲ್ಲ, ಅದಕ್ಕೆ ಚಿಕಿತ್ಸೆಯುಂಟು. ಆದರೆ ನೆಟ್ಟಗಿದ್ದ ಬುದ್ಧಿ ನಡುವೆ ಮಂಕಾದರೆ ಹುಡುಕಬೇಕಾದ ದಾರಿ ಬೇರೆ. ಆ ವೈದ್ಯರು ನಿದ್ರೆ, ಗೊರಕೆ, ತಲೆಗೆ ಪೆಟ್ಟು, ನುಂಗುವ ಗುಳಿಗೆ, ಬೇಸರ, ಕಿವಿಯಲ್ಲಿ ಯಾರಾದರೂ ಮಾತಾಡಿದಂತಾಗುವುದೇ ಎಂಬುದನ್ನೆಲ್ಲ ಕೇಳಿದರು. ದೊಡ್ಡಪ್ಪನ ವಿಷಯವನ್ನೂ ಕೇಳಿ, ಸಮಾಧಾನದಿಂದ ಬರೆದುಕೊಂಡರು. ಕೊನೆಗೆ ಊಟದ ವಿಚಾರ ಬಂತು. ನಮ್ಮದು ಸಸ್ಯಾಹಾರದ ಮನೆ. ಅದರಲ್ಲೂ ಹಾಲು-ಮೊಸರು ನನಗೆ ಚಿಕ್ಕಂದಿನಿಂದ ಒಗ್ಗದು. ಹಾಸ್ಟೆಲಿನಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು. ರಕ್ತಪರೀಕ್ಷೆಯಲ್ಲಿ ಕೆಂಪು ರಕ್ತಕಣಗಳ ಗಾತ್ರ ಹಿಗ್ಗಿತ್ತು. ಬಿ-೧೨ ಜೀವಸತ್ವ ಸಾಮಾನ್ಯವಾಗಿ ಕೊರತೆಯ ಗೆರೆಯೆಂದು ಹಿಡಿಯುವ ೨೦೦ಕ್ಕಿಂತ ಬಹಳ ಕೆಳಗೆ, ೧೧೮ರಲ್ಲಿತ್ತು.

ಈ ಜೀವಸತ್ವವನ್ನು ಸೂಕ್ಷ್ಮಜೀವಿಗಳು ಮಾತ್ರ ಸೃಷ್ಟಿಸಬಲ್ಲವು. ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಅದುಂಟು. ಕಾಳು, ಧಾನ್ಯ, ಕಾಯಿಪಲ್ಯಗಳಲ್ಲಿಲ್ಲ. ರಕ್ತಕಣಗಳ ಬೆಳವಣಿಗೆಗೂ ನರಗಳ ಹೊರಪೊರೆಗೂ ಅದು ಬೇಕು. ಪೊರೆ ಸವೆದರೆ ಪಾದ ಜುಮುಗುಟ್ಟುತ್ತದೆ, ನೆನಪು ಕುಂದುತ್ತದೆ. ಯಕೃತ್ತಿನಲ್ಲಿ ಅದರ ಸಂಗ್ರಹ ವರ್ಷಗಟ್ಟಲೆ ಸಾಲುವುದರಿಂದ, ಕೊರತೆ ಹೊರಬೀಳುವುದೂ ವರ್ಷಗಳ ನಂತರವೇ. ದಿನವೂ ಹಾಲು ಕುಡಿಯುವವರಿಗೂ ಜಠರ ಅದನ್ನು ಹೀರಿಕೊಳ್ಳಲು ನೆರವಾಗದಿದ್ದರೆ ಕೊರತೆಯಾದೀತು. ಆಮ್ಲಪಿತ್ತದ ಕೆಲವು ಗುಳಿಗೆಗಳು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಹುಕಾಲ ಸೇವಿಸಿದವರಲ್ಲೂ ಅದು ಕಾಣುತ್ತದೆ. ಇದು ಹೀರಿಕೆಯಾಗದೆ ಬರುತ್ತಿದ್ದ ರಕ್ತಹೀನತೆ ಒಂದು ಕಾಲದಲ್ಲಿ ಪ್ರಾಣವನ್ನೇ ಒಯ್ಯುತ್ತಿತ್ತು. ಯಕೃತ್ತಿನ ಆಹಾರದಿಂದ ಅದು ಹಿಮ್ಮೆಟ್ಟುವುದೆಂದು ತೋರಿಸಿದ ಮೈನಟ್ ಮತ್ತು ಮರ್ಫಿ ಅವರಿಗೆ ವಿಪಲ್ ಅವರೊಡನೆ ೧೯೩೪ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಬಿ-೧೨ ಬೇರ್ಪಟ್ಟು ಕೈಗೆ ಸಿಕ್ಕಿದ್ದು ೧೯೪೮ರಲ್ಲಿ.

ಆಯಿಗೆ ಒಂದೇ ಸಂಶಯ: "ಈ ಸೂಜಿ ಮಾಂಸದಿಂದ ಮಾಡಿದ್ದೇನ್ರಿ?" ಇಂದು ಈ ಔಷಧವನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆಂದು ವೈದ್ಯರು ತಿಳಿಹೇಳಿದ ಮೇಲೆ ಆಕೆಗೆ ನೆಮ್ಮದಿಯಾಯಿತು. ಚುಚ್ಚುಮದ್ದು ಆರಂಭವಾಗಿ ಮೂರನೆಯ ವಾರಕ್ಕೆ ದಣಿವು ಇಳಿಯಿತು. ಓದಿದ್ದು ತಲೆಯಲ್ಲಿ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಎಡಗಾಲಿನ ಎರಡು ಬೆರಳುಗಳ ಮರಗಟ್ಟುವಿಕೆ ಇಂದಿಗೂ ಉಳಿದಿದೆ. ಎಂ.ಎಸ್ಸಿ. ಮುಗಿದದ್ದು ಒಂದು ವರ್ಷ ತಡವಾಗಿ.

ಎಲ್ಲರ ಮಂಕಿಗೂ ಇದೇ ಕಾರಣವೆಂದು ನಾನು ಹೇಳಲಾರೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಆತಂಕ, ತೂಕಡಿಕೆ ತರುವ ನೆಗಡಿಯ ಗುಳಿಗೆ, ಮಾದಕ ವಸ್ತು, ಇವೆಲ್ಲವೂ ಅದೇ ವೇಷದಲ್ಲಿ ಬರಬಲ್ಲವು. ೨೦೨೦ರಿಂದೀಚೆಗೆ ಕೋವಿಡ್ ಬಂದುಹೋದ ಅನೇಕರೂ ಇಂಥದೇ ಮಂಕನ್ನು ಹೇಳಿಕೊಂಡಿದ್ದಾರೆ. ಮನೋರೋಗದ ಮೊದಲ ಸುಳಿವೂ ಒಮ್ಮೊಮ್ಮೆ ಹೀಗೆಯೇ ಕಾಣಿಸಿಕೊಳ್ಳುತ್ತದೆ; ಹಾಗಿದ್ದರೆ ಬೇಗ ತಿಳಿದಷ್ಟೂ ಒಳಿತು. ದೊಡ್ಡಪ್ಪನಿಗೆ ಆ ಅವಕಾಶ ಸಿಗಲಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಹಠಾತ್ತಾಗಿ ಗೊಂದಲ ಕವಿದರೆ, ಫಿಟ್ಸ್ ಬಂದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಕೂಡದು.

ಕಾಯವನ್ನು ದೇಗುಲವೆಂದು ಭಾವಿಸಿದ ಪರಂಪರೆ ನಮ್ಮದು. ಆ ದೇಗುಲದ ದೀಪ ಮಂಕಾದಾಗ ಎಣ್ಣೆ ಇದೆಯೇ ಎಂದು ನೋಡದೆ, ದೀಪವನ್ನೇ ಬೈಯುವುದು ಸಲ್ಲದು. ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗನೋ ಮಗಳೋ "ತಲೆಗೆ ಹತ್ತುತ್ತಿಲ್ಲ" ಎಂದಾಗ, "ಲಕ್ಷ್ಯ ಕೊಟ್ಟು ಓದು" ಎನ್ನುವ ಮೊದಲು "ಯಾವಾಗಿನಿಂದ ಹೀಗಾಗುತ್ತಿದೆ?" ಎಂದು ಕೇಳಿ. ಅವರು ಹೇಳಿದ್ದನ್ನು ದಿನಾಂಕದೊಡನೆ ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿಗೆ ಕರೆದೊಯ್ಯಿರಿ.